ಕತ್ತು ಒಂದೇ ಉಸಿರಿನಲ್ಲಿ

ರಜಬ್ ೪, ಸೋಮವಾರ

ಇವತ್ತು ಬೆಳಿಗ್ಗೆ ಕಾರ್ಖಾನೆಯ ಕಸ ಗುಡಿಸುವಾಗ ಕಿಟಕಿಯ ಕೆಳಗೆ ತಮ್ಮನ ಬಣ್ಣದ ಬಟ್ಟಲು ಕಂಡಿತು. ಒಳಗಿನ ಬಣ್ಣ ಒಣಗಿ, ಬತ್ತಿದ ಕೆರೆಯ ತಳದ ಹಾಗೆ ಬಿರುಕು ಬಿಟ್ಟಿದೆ. ಅದರ ನಡುವೆ ಅವನ ಕುಂಚ ನೆಟ್ಟಗೆ ನಿಂತಿದೆ. ಯಾರೂ ಹಿಡಿದುಕೊಂಡಿಲ್ಲ, ಆದರೂ ನಿಂತಿದೆ. ನಾನು ಬಟ್ಟಲನ್ನು ಮುಟ್ಟದೆ ಸುತ್ತ ಗುಡಿಸಿದೆ. ಅಪ್ಪನೂ ದಿನಾ ಅದನ್ನು ದಾಟಿಕೊಂಡೇ ಹೋಗುತ್ತಿದ್ದಿರಬೇಕು. ನೆಲದ ಧೂಳಿನಲ್ಲಿ ಬಟ್ಟಲನ್ನು ಬಳಸಿ ಹೋದ ಹೆಜ್ಜೆಗಳಿದ್ದವು.

ತಮ್ಮ ಹೋಗಿ ಮೂರು ವಾರವಾಯಿತು. ಮನೆಯಲ್ಲಿ ಯಾರೂ ಜೋರಾಗಿ ಮಾತಾಡುವುದಿಲ್ಲ. ನಾನಂತೂ ಮೊದಲೇ ಮಾತು ಕಡಿಮೆ. ತಾತ ಬಿಟ್ಟುಹೋದ ಖಾಲಿ ಕಾಗದ ಪೆಟ್ಟಿಗೆಯಲ್ಲಿತ್ತು, ತೆಗೆದುಕೊಂಡು ಇದನ್ನು ಬರೆಯಲು ಕೂತೆ.

ಬೆಟ್ಟದ ದರ್ಗಾದ ಗೋಡೆಗೆ ಕೂರಿಸಲು ಅಂತ ಅವನು ಚಿತ್ರ ಬರೆದಿಟ್ಟ ಹೆಂಚಿನ ಬಿಲ್ಲೆಗಳು ಹಲಗೆಯ ಮೇಲೆ ಹಾಗೇ ಇವೆ. ಎಲ್ಲ ಎಂಟು ಮೂಲೆಯ ನಕ್ಷತ್ರಗಳು. ಮೊದಲ ಬೆಂಕಿ ಕಂಡು ಹಾಲಿನಂತೆ ಬೆಳ್ಳಗಾಗಿವೆ. ನಡುವೆ ಕೊಳ, ಕೊಳದಲ್ಲಿ ಮೀನು, ದಡದಲ್ಲಿ ಒಂದೊಂದು ಕೊಕ್ಕರೆ. ಈಗ ಎಲ್ಲ ಕೆಸರಿನ ಬಣ್ಣ. ಎರಡನೆಯ ಬೆಂಕಿಯ ಹೊಗೆ ಕುಡಿದ ಮೇಲೆಯೇ ಅದು ಚಿನ್ನವಾಗುವುದು.

ಅಂಚುಗಳು ಖಾಲಿ ಇವೆ. ಅಂಚು ನನ್ನ ಕೆಲಸ. ದಂಡು ಬಂದ ವರ್ಷ ನಮ್ಮ ಬೀದಿಯ ಬರಹಗಾರರೆಲ್ಲ ಸತ್ತರಂತೆ. ಅದಕ್ಕೇ ತಾತ ಹೆಣ್ಣೆಂದು ನೋಡದೆ ನನಗೆ ಅಕ್ಷರವನ್ನೂ ಕಾವ್ಯವನ್ನೂ ಕಲಿಸಿದ್ದು. ತಮ್ಮನಿಗೆ ಅಕ್ಷರ ಹತ್ತಲಿಲ್ಲ. ಅವನು ಹಕ್ಕಿ ಬರೆಯುತ್ತಿದ್ದ, ನಾನು ಸುತ್ತ ಚೌಪದಿ ಬರೆಯುತ್ತಿದ್ದೆ. ಪ್ರತಿ ಸಂಜೆ ಬಂದು ಕೇಳುತ್ತಿದ್ದ: "ಏನ್ ಮುಲ್ಲಕ್ಕ, ನನ್ನ ಹಕ್ಕಿಗೆ ಇವತ್ತು ಎಂಥ ಬೇಲಿ ಹಾಕ್ದೆ?"

ರಜಬ್ ೭, ಗುರುವಾರ

ಅಮ್ಮ ಹಲ್ವ ಮಾಡಿದಳು. ಕೇಸರಿ ಹೆಚ್ಚಾಗಿ ಕಹಿಯಾಗಿತ್ತು, ಯಾರೂ ಹೇಳಲಿಲ್ಲ. ಸಿತ್ತಿ ಅತ್ತೆ ಮಾತ್ರ ಎರಡನೇ ಸಲ ಹಾಕಿಸಿಕೊಂಡಳು. ಅವಳು ಅಪ್ಪನ ಅಕ್ಕ. ಗಂಡ ಸತ್ತ ಮೇಲೆ ಪಕ್ಕದ ಕೋಣೆಯಲ್ಲಿ ಇದ್ದಾಳೆ, ಬಿಲ್ಲೆಯ ಮಣ್ಣಿಗೆ ಬೆಣಚುಕಲ್ಲು ಅರೆಯುವುದು ಅವಳ ಕೆಲಸ.

ಸಂಜೆ ಅಮ್ಮ, ಅತ್ತೆ, ನಾನು ಮೂವರೂ ಗೋರಿಗೆ ಹೋದೆವು. ಗೋರಿ ಎನ್ನಬಾರದಂತೆ. ತಮ್ಮನನ್ನು ಅಲ್ಲಿ ಮಣ್ಣಿಗೆ ಒಪ್ಪಿಸಿಲ್ಲ, ನಂಬಿಕೆಯ ಮೇಲೆ ಕೊಟ್ಟಿಟ್ಟಿದ್ದೇವೆ ಅಷ್ಟೆ, ಇಷ್ಟು ದಿನ ಕಳೆದ ಮೇಲೆ ವಾಪಸು ತೆಗೆದುಕೊಳ್ಳುತ್ತೇವೆ ಅಂತ. ಅವನು ಹುಟ್ಟಿದ್ದು ಬೆಟ್ಟದ ದರ್ಗಾಕ್ಕೆ ಹೊತ್ತ ಹರಕೆಯಿಂದ. ಅಲ್ಲೇ ಮಲಗಬೇಕು ಎನ್ನುವುದು ಅಮ್ಮನ ಹಟ. ಅಲ್ಲಿಯವರೆಗೆ ಊರ ದಾರಿಯ ಪಕ್ಕ, ಹಸಿ ಇಟ್ಟಿಗೆಯ ಕೆಳಗೆ.

ಅಮ್ಮ ಇಟ್ಟಿಗೆಯ ಮೇಲೆ ಕೈಯಿಟ್ಟು ಹೇಳಿದಳು: "ಇನ್ನು ಸ್ವಲ್ಪ ದಿನ ತಡ್ಕೋ ಫರ್ರುಖ್. ಇಲ್ಲಿ ಚೇಳು ಜಾಸ್ತಿ, ಗೊತ್ತು ನನಗೆ."

"ಚೇಳು ಅವನನ್ನ ಏನ್ ಮಾಡತ್ತೆ ಬಿಡು, ಅವನೇ ಹಿಡಿದು ಬಾಲ ಕಿತ್ತು ಬೀದಿಯವರನ್ನೆಲ್ಲ ಹೆದರಿಸ್ತಿದ್ದ," ಅಂದಳು ಅತ್ತೆ. ಅಮ್ಮ ನಕ್ಕಳು. ನಕ್ಕದ್ದಕ್ಕೇ ಮತ್ತೆ ಅತ್ತಳು.

ಒಂದು ಕತ್ತೆ ಸೌದೆ ಹೊತ್ತು ತೀರ ಹತ್ತಿರದಲ್ಲೇ ಹಾದುಹೋಯಿತು.

ರಜಬ್ ೯, ಶನಿವಾರ

ದರ್ಗಾದ ಉಸ್ತುವಾರಿ ನೋಡುವ ಮುತವಲ್ಲಿ ಬಂದಿದ್ದರು. ಹೊಸಬರು, ಸಯ್ಯದ್ ರುಕ್ನುದ್ದೀನ್ ಅಂತ. ಎತ್ತರದ ಮನುಷ್ಯ, ಧೂಳಿಗೆ ಕಣ್ಣು ಕೆಂಪಾಗಿತ್ತು. ನಾನೂ ಅತ್ತೆಯೂ ಪರದೆಯ ಹಿಂದೆ ಕೂತೆವು.

ಮುಖ ಕಾಣುವಂತಿದ್ದ ಬಿಲ್ಲೆಗಳನ್ನು ಒಂದೊಂದಾಗಿ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ, "ಉಸ್ತಾದರೇ, ನಿಮ್ಮ ಮಗನ ಕೈ ದೊಡ್ಡದಿತ್ತು. ಅಲ್ಲಾಹ್ ಅವನಿಗೆ ಬೆಳಕು ಕೊಡಲಿ. ಆದರೆ ಈ ಕೊಕ್ಕರೆಗಳು ಹೀಗೇ ಗೋಡೆ ಹತ್ತೋ ಹಾಗಿಲ್ಲ," ಅಂದರು.

"ಯಾಕೆ ಸಯ್ಯದರೇ? ಹಳೇ ಗೋಡೆ ಮೇಲೆ ನಮ್ಮಪ್ಪ ಬರೆದ ನವಿಲೇ ಇದೆಯಲ್ಲ," ಅಂದ ಅಪ್ಪ.

"ಆ ನವಿಲಿನ ಸುದ್ದಿ ಎತ್ತಬೇಡಿ! ಹೆಂಗಸರು ಗೋರಿ ಬಿಟ್ಟು ನವಿಲಿಗೆ ಮುತ್ತಿಡ್ತಾರೆ. ಮಕ್ಕಳಾಗಲಿ ಅಂತ ಅದರ ಬಾಲಕ್ಕೆ ಮೇಣದಲ್ಲಿ ದಾರ ಅಂಟಿಸ್ತಾರೆ. ಮೊನ್ನೆ ಒಬ್ಬಳು ಕಾಳು ಹಾಕಿ ಹೋಗಿದ್ದಾಳೆ, ಕಾಳು! ಈಗ ದರ್ಗಾದ ತುಂಬ ಇಲಿ."

"ಅಂತೂ ಭಕ್ತರು ಹೆಚ್ಚಾದ್ರಲ್ಲ," ಎಂದು ಅತ್ತೆ ನನ್ನ ಕಿವಿಯಲ್ಲಿ ಉಸುರಿದಳು. ನಾನು ಅವಳ ತೊಡೆ ಚಿವುಟಿದೆ.

ಅವರಿಗೆ ಬೇಕಾದದ್ದು ಇಷ್ಟು: ಪ್ರತಿ ಕೊಕ್ಕರೆಯ ಕತ್ತಿನ ಮೇಲೆ ಅಡ್ಡಕ್ಕೆ ಒಂದು ಗೀರು. ಸೂಜಿಯಷ್ಟು ಸಣ್ಣದು ಸಾಕು. ತಲೆ ಬೇರೆ ಮೈ ಬೇರೆ ಆದರೆ ಅದಕ್ಕೆ ಜೀವವಿಲ್ಲ ಎಂದು ಲೆಕ್ಕ. ಆಗ ಯಾರೂ ಅದರ ಕಾಲು ಹಿಡಿಯುವುದಿಲ್ಲ.

ಅವರು ದನಿ ಇಳಿಸಿದರು. "ಅಂಗಳದಲ್ಲಿ ದಾಳಿಂಬೆ ಗಿಡದ ಹತ್ತಿರ ಜಾಗ ಇಟ್ಟಿದ್ದೀನಿ. ಗೋಡೆ ಮಾಡಿದವರ ಮನೆಗೆ ಒಂದು ಜಾಗ, ಅದು ದರ್ಗಾದ ವಾಡಿಕೆ. ಗೋಡೆ ಬೇರೆಯವರ ಪಾಲಾದರೆ ಜಾಗವೂ ಅವರ ಪಾಲಾಗತ್ತೆ. ನನ್ನ ಕೈಲಿಲ್ಲ ಉಸ್ತಾದರೇ. ಬಿಲ್ಲೆಗಳು ಬರಲಿ, ನಿಮ್ಮ ಮಗನೂ ಬರಲಿ."

ಹೋಗುವಾಗ ಜೋಡು ಮೆಟ್ಟಿಕೊಳ್ಳುತ್ತ ಬಾಗಿಲಲ್ಲಿ ನಿಂತು ಇನ್ನೊಮ್ಮೆ ಬಿಲ್ಲೆಗಳ ಕಡೆ ತಿರುಗಿ ನೋಡಿದರು. ಅದು ನನಗೊಬ್ಬಳಿಗೇ ಕಂಡದ್ದು.

ರಜಬ್ ೧೦, ಭಾನುವಾರ

ಸೆಖೆ. ಎಲ್ಲರೂ ನೆಲಮಾಳಿಗೆಯಲ್ಲಿ ಮಲಗಿದ್ದರು. ಯಾರೂ ನಿದ್ದೆ ಮಾಡಲಿಲ್ಲ.

ರಜಬ್ ೧೨, ಮಂಗಳವಾರ

ನಾನು ಅಮ್ಮನಿಗೆ ಎದುರು ಮಾತಾಡಿದೆ. ಹೀಗೆ ಯಾವತ್ತೂ ಆಗಿರಲಿಲ್ಲ.

ಅವಳು ರೊಟ್ಟಿ ತಟ್ಟುತ್ತ, "ಇನ್ನೂ ಯಾಕೆ ತಡ? ಒಂದು ಗೀರು ತಾನೇ?" ಅಂದಳು.

"ಅಮ್ಮ, ಅವು ತಮ್ಮ ಬರೆದ ಕೊನೇ ಹಕ್ಕಿಗಳು."

"ಹಕ್ಕಿಗೆ ನೋಯತ್ತೇನೇ? ನನ್ನ ಮಗ ದಾರಿ ಪಕ್ಕ ಬಿದ್ದಿದ್ದಾನೆ. ಅವನ ತಲೆ ಹತ್ತಿರ ಕತ್ತೆಗಳು ಓಡಾಡ್ತವೆ."

"ಅವನ ಕೈಯಿಂದ ಉಳಿದಿರೋದು ಅಷ್ಟೇ ಅಲ್ವಾ? ಅದರ ಕತ್ತನ್ನ ನಾವೇ ಕುಯ್ಯಬೇಕಾ?"

"ಕೈಯಿಂದ ಉಳಿದದ್ದು ನಿನಗಿರಲಿ," ಅಂದಳು ಅಮ್ಮ, "ನನಗೆ ಕೈಯೇ ಬೇಕು. ಅವನನ್ನ ಹೆತ್ತಿದ್ದೀನಿ ಕಣೇ ಗೌಹರ್. ಹಕ್ಕಿ ಹೆರಲಿಲ್ಲ ನಾನು."

ಅದಕ್ಕೆ ಹೇಳುವ ಮಾತನ್ನು ಓದಿದ ಅಷ್ಟೂ ಕಾವ್ಯದಲ್ಲಿ ಹುಡುಕಿದೆ.

ಮಧ್ಯಾಹ್ನ ಅಪ್ಪ ಸೂಜಿ ಹಿಡಿದು ಕೂತ. ಎಲೆಯ ನರ, ಮೀನಿನ ಹುರುಪೆ ಕೆರೆಯುವ ಸೂಜಿಯೇ ಅದು. ಮೊದಲನೆಯ ಬಿಲ್ಲೆಯ ಮೇಲೆ ಸೂಜಿ ಜಾರಿ ಗೀರು ಕಣ್ಣಿನವರೆಗೆ ಹರಿಯಿತು. ಸರಿಮಾಡಲೆಂದು ಬೆರಳು ನೆನೆಸಿ ಒರೆಸಿದ. ಸುಡದ ಬಣ್ಣ ತಾನೇ, ಇಡೀ ತಲೆ ಬೆರಳಿಗೆ ಬಂತು. ಆಮೇಲೆ ಅಪ್ಪ ಉಳಿದದ್ದನ್ನೂ ಒರೆಸಿಬಿಟ್ಟ. ನಕ್ಷತ್ರ ಬೆಳ್ಳಗೆ ಖಾಲಿಯಾಯಿತು.

ಬೆರಳನ್ನು ತೊಳೆಯಲು ಅವನಿಗೆ ಮನಸ್ಸು ಬರಲಿಲ್ಲ. ಹಾಗಾಗಿ ಊಟಕ್ಕೆ ಬರಲಿಲ್ಲ.

ರಜಬ್ ೧೩, ಬುಧವಾರ

ಸೂಜಿ ನನಗೆ ಕೊಡಿ ಅಂದೆ. ಅಪ್ಪ ಕೊಟ್ಟ. ಬೇರೆಯವರ ಕೈ ಬೀಳುವುದಕ್ಕಿಂತ ನನ್ನದೇ ಮೇಲು ಅನ್ನಿಸಿತು, ಅಷ್ಟೆ.

ರಜಬ್ ೧೬, ಶನಿವಾರ

ಮೂರು ದಿನದಿಂದ ಇದೇ ಕೆಲಸ. ಅವನು ಬರೆದ ಅನುಕ್ರಮದಲ್ಲೇ ಬಿಲ್ಲೆಗಳನ್ನು ತೆಗೆದುಕೊಳ್ಳುತ್ತಿದ್ದೇನೆ. ಹಲಗೆಯ ಎಡತುದಿಯಲ್ಲಿ ಚಳಿಗಾಲದ್ದು, ಬಲತುದಿಯಲ್ಲಿ ಕೊನೆಯವು. ಇಷ್ಟು ಹತ್ತಿರದಿಂದ ಅವನ ಗೆರೆಗಳನ್ನು ನೋಡಿರಲಿಲ್ಲ. ನಾನು ಅಂಚು ನೋಡುತ್ತಿದ್ದವಳು.

ಒಂದು ಕೊಕ್ಕರೆ ಮೀನನ್ನು ನೋಡುತ್ತಿಲ್ಲ, ನಮ್ಮನ್ನೇ ನೋಡುತ್ತಿದೆ. ಇನ್ನೊಂದರ ಮುಖ ಸಿತ್ತಿ ಅತ್ತೆಯ ಹಾಗೇ ಇದೆ. ಅವಳಿಗೆ ತೋರಿಸಿದೆ. "ಥೂ, ಆ ಕಳ್ಳ! ನನ್ನ ಮೂಗು ಇಷ್ಟುದ್ದ ಇದೆಯಾ?" ಅಂದು ತುಂಬ ಹೊತ್ತು ಕೈಯಲ್ಲಿ ಹಿಡಿದುಕೊಂಡಿದ್ದಳು. ಆಮೇಲೆ, "ನನ್ನ ಕತ್ತು ಮೆಲ್ಲಗೆ ಕುಯ್ಯೇ ಮಗಳೇ," ಅಂತ ವಾಪಸು ಕೊಟ್ಟಳು.

ನಮ್ಮ ಮನೆಯಲ್ಲಿ ಒಂದು ಕಟ್ಟಳೆಯಿದೆ, ತಾತನ ಕಾಲದ್ದು: ಕತ್ತು ಒಂದೇ ಉಸಿರಿನಲ್ಲಿ. ಕೊಕ್ಕಿನ ಬುಡದಲ್ಲಿ ಕುಂಚ ಊರಿ, ಉಸಿರು ಬಿಗಿಹಿಡಿದು, ಎದೆಯವರೆಗೂ ಎತ್ತದೆ ಎಳೆಯಬೇಕು. ನಡುವೆ ಉಸಿರಾಡಿದರೆ ಗೆರೆ ತಿಳಿಸಿಬಿಡುತ್ತದೆ. ಕತ್ತು ಮುರಿದ ಬಿಲ್ಲೆಯನ್ನು ಒರೆಸಿ ಮತ್ತೆ ಬರೆಯುವುದು ವಾಡಿಕೆ. ತಮ್ಮ ಏಳು ವರ್ಷದವನಿದ್ದಾಗ ಉಸಿರು ಕಟ್ಟುವುದನ್ನು ಕಲಿಯಲೆಂದು ತೊಟ್ಟಿಯ ನೀರಿಗೆ ತಲೆ ಅದ್ದಿ ಕೂರುತ್ತಿದ್ದ, ಅಮ್ಮ ಕಿವಿ ಹಿಡಿದು ಎತ್ತುತ್ತಿದ್ದಳು.

ಬಲತುದಿಯ ಬಿಲ್ಲೆಗಳನ್ನು ಅವನು ಗೋಡೆಗೆ ಮುಖ ಮಾಡಿ ಒರಗಿಸಿದ್ದ. ಧೂಳು ಕೂರದಿರಲೆಂದು ಇರಬೇಕು ಅಂದುಕೊಂಡಿದ್ದೆ. ಇವತ್ತು ತಿರುಗಿಸಿದೆ.

ಮೊದಲನೆಯದರಲ್ಲಿ ಕತ್ತಿನ ನಡುವೆ ಕೂದಲೆಳೆಯಷ್ಟು ಬಿಳಿ. ಕುಂಚದಲ್ಲಿ ಬಣ್ಣ ಮುಗಿದಿರಬೇಕು ಅಂದುಕೊಂಡೆ. ಆದರೆ ಬಣ್ಣ ಮುಗಿದರೆ ಗೆರೆ ತೆಳುವಾಗುತ್ತ ಹೋಗುತ್ತದೆ. ಇಲ್ಲಿ ಎರಡು ಕಡೆಯೂ ಬಣ್ಣ ಗುಂಡಗೆ ನಿಂತಿದೆ, ಹನಿ ನಿಂತ ಹಾಗೆ. ಕುಂಚ ತುಂಬಿದ್ದಾಗಲೇ ಎತ್ತಿದ್ದಾನೆ. ತುಂಬಿದ್ದಾಗಲೇ ಮತ್ತೆ ಊರಿದ್ದಾನೆ. ಮುಂದಿನದರಲ್ಲಿ ಬಿಳಿ ಇನ್ನೂ ಅಗಲ. ಅದರ ಮುಂದಿನದು ಇನ್ನೂ. ಕೊನೆಯದರಲ್ಲಿ ಎರಡು ಕಡೆ.

ಆ ಬಿಳಿಯ ಜಾಗದಲ್ಲಿ ಅವನು ಕೆಮ್ಮಿದ್ದಾನೆ.

"ಭಟ್ಟಿಯ ಹೊಗೆ ಕುಡಿದಿದ್ದೀನಿ ಅಷ್ಟೆ ಅಕ್ಕ, ಎರಡು ದಿನಕ್ಕೆ ಹೋಗತ್ತೆ," ಅನ್ನುತ್ತಿದ್ದ. ಹಾಸಿಗೆ ಹಿಡಿಯುವವರೆಗೂ ನಾವೆಲ್ಲ ಅದನ್ನೇ ನಂಬಿದ್ದೆವು. ಕತ್ತು ಮುರಿದರೂ ಅವನು ಒರೆಸಿ ಮತ್ತೆ ಬರೆಯಲಿಲ್ಲ. ಮತ್ತೆ ಬರೆದರೂ ಅದೇ ಜಾಗದಲ್ಲಿ ಮುರಿಯುತ್ತದೆ ಎಂದು ಫರ್ರುಖ್‌ನಿಗೆ ಗೊತ್ತಿತ್ತು. ಅದಕ್ಕೇ ಗೋಡೆಗೆ ಮುಖ.

ಆ ಬಿಲ್ಲೆಗಳಿಗೆ ನಾನು ಸೂಜಿ ಮುಟ್ಟಿಸಲಿಲ್ಲ. ಮುಟ್ಟಿಸುವ ಅಗತ್ಯವೇ ಇರಲಿಲ್ಲ.

ರಜಬ್ ೧೭, ಭಾನುವಾರ

ಅವನ ಬಟ್ಟಲಿಗೆ ದ್ರಾಕ್ಷಿಯ ಹುಳಿ ಸುರಿದು ಇಟ್ಟೆ. ಬಣ್ಣ ನೆನೆಯಲಿ. ಎಷ್ಟು ದಿನ ಹಿಡಿಯುವುದೋ.

ರಜಬ್ ೨೧, ಗುರುವಾರ

ಅಂಚು ಬರೆಯಲು ಕೂತೆ. ಅವನಿದ್ದಾಗ ಒಂದೊಂದು ಹಕ್ಕಿಗೆ ಒಪ್ಪುವ ಚೌಪದಿ ಹುಡುಕುವುದೇ ಒಂದು ಆಟವಾಗಿತ್ತು. ಹೆಚ್ಚಾಗಿ ವಿರಹದ್ದು, ದರ್ಗಾದ ಗೋಡೆಗೂ ಅದೇ ನಡೆಯುತ್ತದೆ. ಈಗ ಆ ಕವಿಗಳೆಲ್ಲ ಬೇರೆ ಯಾರನ್ನೋ ನೆನೆದು ಅತ್ತವರು ಅನ್ನಿಸಿತು. ಯಾವುದೂ ನೆನಪಿಗೂ ಬರಲಿಲ್ಲ. ಅಂಚು ಖಾಲಿ ಬಿಡುವಂತಿಲ್ಲ, ಏನೋ ತುಂಬಿಸಿದೆ.

ಅಪ್ಪ ದೀಪ ಹಚ್ಚಲು ಬಂದವನು ಬಗ್ಗಿ, ನಕ್ಷತ್ರವನ್ನು ಮೂಲೆಯಿಂದ ಮೂಲೆಗೆ ತಿರುಗಿಸುತ್ತ ಓದಿದ.

"ಕೊಳದ ಮೀನೇ, ಕೊಕ್ಕರೆಗೆ ಅಂಜಬೇಡ;
ಅದು ಬಗ್ಗಿದ್ದು ಹಸಿವಿನಿಂದಲ್ಲ.
ನೀರಿನಲ್ಲಿ ತನ್ನ ನೆರಳು ಇನ್ನೂ ಇದೆಯೇ
ಎಂದು ನೋಡಿ ಹೋಗಲು ಬಂದದ್ದು."

"ಯಾರದ್ದಮ್ಮ ಇದು?"

"ಗೊತ್ತಿಲ್ಲಪ್ಪ. ತಾತ ಹೇಳಿಕೊಟ್ಟದ್ದಿರಬೇಕು."

"ನಮ್ಮಪ್ಪ ಇಷ್ಟು ಚೆನ್ನಾಗಿರೋದನ್ನ ಯಾವತ್ತೂ ಹೇಳಿಕೊಟ್ಟೋನಲ್ಲ," ಅಂದು ದೀಪ ಇಟ್ಟು ಹೋದ.

ರಜಬ್ ೨೬, ಮಂಗಳವಾರ

ಭಟ್ಟಿಗೆ ಹಾಕುವ ಮೊದಲು ನೋಡಬೇಕೆಂದು ಮುತವಲ್ಲಿ ಬಂದರು. ಹಣ್ಣಿನ ಬುಟ್ಟಿ ತಂದಿದ್ದರು. ಅಪ್ಪನಿಗೆ ಎರಡು ದಿನದಿಂದ ಜ್ವರ, ಮಲಗಿದ್ದ. ಬಿಲ್ಲೆಗಳನ್ನು ಯಾರಾದರೂ ತೋರಿಸಬೇಕಿತ್ತು, ಪರದೆ ಸರಿಸಿ ಹೊರಗೆ ಹೋದೆ.

ಎಡದಿಂದ ಬಲಕ್ಕೆ ನೋಡುತ್ತ ಬಂದರು. ಪ್ರತಿ ಗೀರಿಗೂ ತಲೆಯಾಡಿಸಿದರು. ಬಲತುದಿಗೆ ಬಂದಾಗ ನಿಂತರು.

"ಇವಕ್ಕೆ ಗೀರು ಹಾಕಿಲ್ಲವಲ್ಲಮ್ಮ."

"ಇದೆ ನೋಡಿ."

"ಇದು ಸೂಜಿಯದ್ದಲ್ಲ. ಬರೆಯುವಾಗಲೇ ಬಿಟ್ಟ ಹಾಗಿದೆ."

"ಹೌದು. ತಮ್ಮನೇ ಬಿಟ್ಟದ್ದು."

"ನಾನು ಹೇಳುವ ಮೊದಲೇ?"

"ನೀವು ಹೇಳುವ ಮೊದಲೇ. ನಮ್ಮಲ್ಲಿ ಕತ್ತು ಒಂದೇ ಉಸಿರಿನಲ್ಲಿ ಬರೀಬೇಕು. ಅವನಿಗೆ ಅಷ್ಟು ಉಸಿರಿರಲಿಲ್ಲ. ನಿಮಗೆ ಬೇಕಾಗಿದ್ದು ತಲೆ ಬೇರೆ ಮೈ ಬೇರೆ ತಾನೇ ಸಯ್ಯದರೇ? ಬೇರೆಯಾಗಿದೆ. ಇದರ ಮೇಲೆ ನಾನು ಇನ್ನೊಂದು ಗೀರು ಹಾಕಲ್ಲ."

ಅವರು ಕೊನೆಯ ಬಿಲ್ಲೆಯನ್ನು ಎತ್ತಿ ಕಿಟಕಿಯ ಬೆಳಕಿಗೆ ಹಿಡಿದರು. ಎರಡು ಕಡೆ ಮುರಿದದ್ದು ಅದು. ಅವರ ಹೆಬ್ಬೆರಳು ಕತ್ತಿನ ಹತ್ತಿರ ಹೋಗಿ, ಮುಟ್ಟದೆ ಹಿಂದೆ ಬಂತು. ಅಂಚನ್ನೂ ಓದಿದರು. ಯಾವ ಕವಿ ಎಂದು ಕೇಳಲಿಲ್ಲ.

"ಎಷ್ಟು ವಯಸ್ಸು?" ಅಂದರು.

"ಹತ್ತೊಂಬತ್ತು."

ಬಿಲ್ಲೆಯನ್ನು ಮೊದಲಿದ್ದ ಜಾಗದಲ್ಲೇ ಇಟ್ಟರು, ಮುಖ ನಮ್ಮ ಕಡೆಗೆ. "ಸರಿಯಾಗಿದೆ," ಅಂದರು. "ಒಂದು ನಕ್ಷತ್ರ ಖಾಲಿ ಇದೆಯಲ್ಲ?"

"ಅದು ಒರೆಸಿಹೋಯ್ತು."

"ಹೂವು ಬರೆದು ಕೊಡಿ ಸಾಕು. ಹೂವಿಗೆ ಯಾರ ತಕರಾರೂ ಇಲ್ಲ."

ಅವರು ಹೋದ ಮೇಲೆ ಅತ್ತೆ ನನ್ನನ್ನೇ ನೋಡುತ್ತಿದ್ದಳು. "ಏನತ್ತೆ?" ಅಂದೆ. "ಏನಿಲ್ಲ. ನಿನಗೂ ಗಂಟಲಿದೆ ಅಂತ ಈಗ ಗೊತ್ತಾಯ್ತು," ಅಂದಳು. ಹಣ್ಣಿನ ಬುಟ್ಟಿಯಲ್ಲಿ ಅಂಜೂರ ಇದ್ದವು, ಅರ್ಧ ಹಣ್ಣಾಗಿರಲಿಲ್ಲ.

ಶಾಬಾನ್ ೩, ಮಂಗಳವಾರ

ಭಟ್ಟಿ ತೆರೆದೆವು. ಮೂರು ದಿನದ ಸಣ್ಣ ಬೆಂಕಿ, ಹೊಗೆಯೇ ಹೆಚ್ಚು. ಈ ಸಲ ಅಪ್ಪ ಯಾರನ್ನೂ ಹತ್ತಿರ ಬಿಡಲಿಲ್ಲ. ನಾನು ಹೋದಾಗ ಬಟ್ಟೆ ಒದ್ದೆ ಮಾಡಿ ನನ್ನ ಮೂಗಿಗೆ ಕಟ್ಟಿದ. ಫರ್ರುಖ್‌ನಿಗೆ ಯಾವತ್ತೂ ಕಟ್ಟಿರಲಿಲ್ಲ. ಇಬ್ಬರಿಗೂ ಅದು ನೆನಪಾಯಿತು. ಅವನು ಗಂಟನ್ನು ಬಿಚ್ಚಿ ಇನ್ನೂ ಬಿಗಿಯಾಗಿ ಕಟ್ಟಿದ.

ಬಿಲ್ಲೆಗಳು ಕರ್ರಗೆ ಹೊರಬಂದವು. ಒದ್ದೆ ಮಣ್ಣು ಹಚ್ಚಿ ಉಜ್ಜಿದೆ. ಮಸಿಯ ಕೆಳಗಿನಿಂದ ಮೊದಲು ಕಾಲು, ಆಮೇಲೆ ರೆಕ್ಕೆ, ಆಮೇಲೆ ಕತ್ತು. ಬಂಗಾರದ ಕತ್ತು, ನಡುವೆ ಬಿಳಿ. ಬಾಗಿಲ ಬಳಿ ಹಿಡಿದರೆ ಬಂಗಾರ ತಾಮ್ರವಾಗುತ್ತದೆ, ವಾರೆ ಮಾಡಿದರೆ ನೇರಳೆ. ಬಿಳಿ ಮಾತ್ರ ಹೇಗೆ ಹಿಡಿದರೂ ಬಿಳಿಯೇ.

ಅಮ್ಮ ಬಂದು ಪಕ್ಕದಲ್ಲಿ ಕೂತು ತಾನೂ ಒಂದನ್ನು ಉಜ್ಜತೊಡಗಿದಳು. ಕತ್ತು ಮುರಿದ ಬಿಲ್ಲೆ ಅದು. ನಾನು ಅವಳಿಗೆ ಏನೂ ಹೇಳಿರಲಿಲ್ಲ. ಸೆರಗಿನ ತುದಿಯಿಂದ ಆ ಬಿಳಿಯ ಜಾಗವನ್ನು ಒರೆಸಿದಳು, ಮತ್ತೆ ಒರೆಸಿದಳು. ಮಕ್ಕಳ ಗಲ್ಲ ಒರೆಸುವ ಹಾಗೆ.

"ಇಲ್ಲಿ ಯಾಕೋ ಬಣ್ಣ ಹತ್ತಿಲ್ಲ," ಅಂದಳು.

"ಹೌದಮ್ಮ," ಅಂದೆ.

ಶಾಬಾನ್ ೫, ಗುರುವಾರ

ಫರ್ರುಖ್‌ನನ್ನು ಬೆಟ್ಟಕ್ಕೆ ಕರೆದುಕೊಂಡು ಹೋದೆವು. ಒಂದು ಹೇಸರಗತ್ತೆಯ ಮೇಲೆ ಅವನು, ಹುಲ್ಲು ತುಂಬಿದ ಪೆಟ್ಟಿಗೆಗಳಲ್ಲಿ ಬಿಲ್ಲೆಗಳು ಇನ್ನೊಂದರ ಮೇಲೆ. ಏರಿನಲ್ಲಿ ಅಮ್ಮ ಹೇಸರಗತ್ತೆಯವನಿಗೆ ಹೇಳುತ್ತಲೇ ಇದ್ದಳು: "ಮೆಲ್ಲಗೆ ಹೊಡಿಯಪ್ಪ, ಅಲ್ಲಾಡಿಸಬೇಡ." ಅವನು, "ಒಡೆಯೋದು ಹಿಂದಿನ ಪೆಟ್ಟಿಗೇಲಿದೆ ತಾಯಿ," ಅಂದ. ಅತ್ತೆ ಅವನನ್ನು ನೋಡಿದ ನೋಟಕ್ಕೆ ಮತ್ತೆ ಬಾಯಿ ತೆರೆಯಲಿಲ್ಲ.

ದಾಳಿಂಬೆ ಹೂ ಬಿಟ್ಟಿತ್ತು. ಮಣ್ಣು ಮುಚ್ಚಿದ ಮೇಲೆ ಅಮ್ಮ ಕೈ ಕೊಡವಿಕೊಂಡು ಎದ್ದಳು, ಬಾವಿಯ ಕಟ್ಟೆಯ ಮೇಲೆ ಒರಗಿ ಕೂತಲ್ಲೇ ನಿದ್ದೆ ಹೋದಳು. ಎಷ್ಟೋ ದಿನದ ನಿದ್ದೆ.

ಗಾರೆಯವರು ಗೋಡೆಗೆ ನಕ್ಷತ್ರಗಳನ್ನು ಕೂಡಿಸುತ್ತ ಹೋದರು. ಕೊಕ್ಕರೆಗಳು ಒಂದೊಂದಾಗಿ ಮೇಲೇರಿದವು. ಮುರಿದ ಕತ್ತಿನವು ಎಲ್ಲಿ ಬಂದವೆಂದು ನನಗೆ ಗೊತ್ತು. ಬೇರೆಯವರಿಗೆ ಎಲ್ಲವೂ ಒಂದೇ. ಕೊನೆಗೆ ಬಾಗಿಲ ಬಲಕ್ಕೆ, ಎದೆಯ ಎತ್ತರದಲ್ಲಿ, ಎಂಟು ಮೂಲೆಯ ಒಂದು ಗುಂಡಿ ಉಳಿಯಿತು. ಒಳಗೆ ಹಸಿ ಗಾರೆ. ಅಪ್ಪ ಅದನ್ನು ನೋಡಿ, "ಮುಂದಿನ ವಾರ ಹೂವು ಬರೆದು ಕಳಿಸ್ತೀನಿ," ಅಂದ.

ಮನೆಗೆ ಬಂದು ಬಟ್ಟಲು ನೋಡಿದೆ. ಹುಳಿ ಬಣ್ಣವನ್ನು ಕರಗಿಸಿತ್ತು. ಕುಂಚ ವಾಲಿ ಅಂಚಿಗೆ ಒರಗಿತ್ತು. ತೆಗೆದು ತೊಳೆದೆ. ಕೂದಲು ಇನ್ನೂ ಮೆತ್ತಗಿದೆ. ಅಂಗಳದ ಕಲ್ಲಿನ ಮೇಲೆ ನೀರಿನಲ್ಲಿ ಒಂದು ಕತ್ತು ಎಳೆದು ನೋಡಿದೆ, ಇನ್ನೊಂದು, ಮತ್ತೊಂದು. ಆರಿಹೋಗುವ ಮುನ್ನ ಎಲ್ಲವೂ ಸರಿಯಾಗೇ ಇದ್ದವು. ಇಷ್ಟು ವರ್ಷ ಪಕ್ಕದಲ್ಲಿ ಕೂತದ್ದೂ ಈ ದಿನಗಳಲ್ಲಿ ಅವನ ಗೆರೆ ನೋಡಿದ್ದೂ ಕೈಗೆ ಬಂದಿದೆ. ನನ್ನ ಎದೆ ಗಟ್ಟಿಯಿದೆ; ಕತ್ತು ಒಂದೇ ಉಸಿರಿನಲ್ಲಿ ಮುಗಿಯುತ್ತದೆ, ಆಮೇಲೂ ಉಸಿರು ಉಳಿಯುತ್ತದೆ.

ಅಪ್ಪನಿಗೆ ಇನ್ನೂ ಹೇಳಿಲ್ಲ. ಆ ಖಾಲಿ ನಕ್ಷತ್ರಕ್ಕೆ ಹೂವು ಬೇಡ. ನಾಳೆ ನಮಾಜಾದ ಮೇಲೆ ನಾನೇ ಕೊಕ್ಕರೆ ಬರೆಯುತ್ತೇನೆ. ಸೂಜಿ ಹತ್ತಿರ ಇಟ್ಟುಕೊಳ್ಳುವುದಿಲ್ಲ. ಕತ್ತಿನ ಅರ್ಧಕ್ಕೆ ಬಂದಾಗ ಕುಂಚ ಎತ್ತುತ್ತೇನೆ. ಅವನು ಕೆಮ್ಮಿ ಸುಧಾರಿಸಿಕೊಳ್ಳುವಷ್ಟು ಹೊತ್ತು ತಡೆದು, ಆಮೇಲೆ ಉಳಿದದ್ದನ್ನು ಎಳೆಯುತ್ತೇನೆ.